ಮೂರು ಪ್ರಶ್ನೆಗೆ ಒಂದೇ ಉತ್ತರ: ಲಕ್ಸೆಂಬರ್ಗಿನ 1941ರ ಗಣತಿ

1941ರ ಅಕ್ಟೋಬರ್ 10ಕ್ಕೆ ಕೆಲವು ದಿನ ಮುಂಚೆ ಲಕ್ಸೆಂಬರ್ಗಿನ ಮನೆಮನೆಗೂ ಜನಗಣತಿಯ ಫಾರಂ ಬಂತು. ಹೆಸರು, ವಯಸ್ಸು, ಕಸುಬು ಅಂತ ಮಾಮೂಲಿ ವಿವರಗಳ ನಡುವೆ ಅದರಲ್ಲಿ ಮೂರು ಪ್ರಶ್ನೆಗಳಿದ್ದವು. ನೀವು ಯಾವ ದೇಶದ ಪ್ರಜೆ? ನಿಮ್ಮ ತಾಯ್ನುಡಿ ಯಾವುದು? ನೀವು ಯಾವ ಜನಾಂಗದವರು?

ಕೇಳಿದ್ದು ಆಗ ದೇಶವನ್ನು ಹಿಡಿದುಕೊಂಡಿದ್ದ ನಾಜಿ ಜರ್ಮನಿಯ ಆಡಳಿತ. ಉತ್ತರ ಹೇಗಿರಬೇಕು ಅಂತಲೂ ಅದೇ ಹೇಳಿಕೊಟ್ಟಿತ್ತು. ಲಕ್ಸೆಂಬರ್ಗಿಷ್ ಅನ್ನುವುದು ಬರೀ ಆಡುಮಾತು, ಅದನ್ನು ತಾಯ್ನುಡಿ ಎಂದು ಬರೆಯುವ ಹಾಗಿಲ್ಲ. ಲಕ್ಸೆಂಬರ್ಗ್ ಅಂತ ಒಂದು ಜನಾಂಗವೂ ಇಲ್ಲ. ಅಂದರೆ ಕೊನೆಯ ಎರಡು ಕಾಲಂಗಳಲ್ಲಿ 'ಜರ್ಮನ್' ಎಂದು ಬರೆಯುವುದೊಂದೇ ದಾರಿ. ಹಾಗೆ ಬರೆಸಿಕೊಂಡುಬಿಟ್ಟರೆ ಮುಂದಿನ ಕೆಲಸ ಸಲೀಸು. ತಾವು ಜರ್ಮನ್ನರೆಂದು ಈ ಜನರೇ ಸಹಿ ಹಾಕಿ ಕೊಟ್ಟಿದ್ದಾರೆ, ಇವರನ್ನು ಜರ್ಮನಿಗೆ ಸೇರಿಸಿಕೊಂಡರೆ ತಪ್ಪೇನು ಎನ್ನಬಹುದಿತ್ತು.

ಜನ ಮೂರೂ ಕಡೆ 'ಲಕ್ಸೆಂಬರ್ಗಿಷ್' ಎಂದೇ ಬರೆದರು. ಅಧಿಕಾರಿಗಳು ಗಣತಿಯನ್ನು ಅಲ್ಲಿಗೇ ಕೈಬಿಟ್ಟರು.

ಇದನ್ನು ಸಾಮಾನ್ಯವಾಗಿ ಧೈರ್ಯದ ಕತೆಯಾಗಿ ಹೇಳುತ್ತಾರೆ. ಧೈರ್ಯವಂತೂ ಹೌದು. ಆದರೆ ನನಗೆ ಜಾಸ್ತಿ ಕುತೂಹಲ ಇರುವುದು ಇನ್ನೊಂದು ವಿಷಯದಲ್ಲಿ. ಅದಕ್ಕೆ ನೂರು ವರ್ಷ ಹಿಂದೆ ಇದೇ ಮೂರು ಪ್ರಶ್ನೆ ಕೇಳಿದ್ದರೆ ಅಲ್ಲಿನವರು ಒಂದೇ ಉತ್ತರ ಕೊಡುತ್ತಿರಲಿಲ್ಲ. ರಾಜ್ಯ, ನುಡಿ, ಜನ ಮೂರೂ ಅಲ್ಲಿ ಬೇರೆ ಬೇರೆ ಲೆಕ್ಕದಲ್ಲಿದ್ದವು. ಮೂರನ್ನೂ ಸೇರಿಸಿ ಗಂಟು ಬಿದ್ದದ್ದು 1941ರಲ್ಲಿ. ಭಾಷೆ ಮತ್ತು ಪೌರತ್ವದ ಬಗ್ಗೆ ಆ ದೇಶದಲ್ಲಿ ಇವತ್ತು ನಡೆಯುವ ಜಗಳಗಳೂ ಆ ಗಂಟಿನ ಸುತ್ತಲೇ ಇವೆ.

ಬೇರೆಯವರು ಎಳೆದ ಗಡಿ

ಲಕ್ಸೆಂಬರ್ಗಿನ ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆ ಇದಕ್ಕಿಂತ ದೊಡ್ಡದು. ಪಶ್ಚಿಮಕ್ಕೆ ಬೆಲ್ಜಿಯಂ, ದಕ್ಷಿಣಕ್ಕೆ ಫ್ರಾನ್ಸ್, ಪೂರ್ವಕ್ಕೆ ಜರ್ಮನಿ.

ಈ ದೇಶವನ್ನು ಅಲ್ಲಿನ ಜನ ಹೋರಾಡಿ ಕಟ್ಟಿದ್ದಲ್ಲ. ನೆಪೋಲಿಯನ್ ಸೋತ ಮೇಲೆ 1815ರಲ್ಲಿ ವಿಯೆನ್ನಾದಲ್ಲಿ ಕೂತ ದೊಡ್ಡ ದೇಶಗಳು ಇದನ್ನು 'ಗ್ರ್ಯಾಂಡ್ ಡಚಿ', ಅಂದರೆ ಗ್ರ್ಯಾಂಡ್ ಡ್ಯೂಕ್ ಆಳುವ ರಾಜ್ಯ ಮಾಡಿ ನೆದರ್‌ಲ್ಯಾಂಡ್ಸಿನ ರಾಜ ಒಂದನೇ ವಿಲಿಯಂನ ಕೈಗೆ ಕೊಟ್ಟವು. ರಾಜ ಡಚ್ಚಿನವನು. ಆದರೆ ರಾಜ್ಯ ಜರ್ಮನ್ ಒಕ್ಕೂಟದ ಸದಸ್ಯ. ರಾಜಧಾನಿಯ ಕೋಟೆಯಲ್ಲಿ ಕಾವಲು ಕೂತವರು ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಸೈನಿಕರು. ಕಾನೂನು ನೆಪೋಲಿಯನ್ ಕಾಲದಿಂದ ಉಳಿದುಕೊಂಡ ಫ್ರೆಂಚ್ ಸಂಹಿತೆ.

1830ರಲ್ಲಿ ಬೆಲ್ಜಿಯಂ ದಂಗೆ ಎದ್ದಾಗ ಕೋಟೆಯ ಊರೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಲಕ್ಸೆಂಬರ್ಗ್ ಬೆಲ್ಜಿಯನ್ನರ ಕಡೆ ಹೋಯಿತು. 1839ರ ಲಂಡನ್ ಒಪ್ಪಂದ ಅದನ್ನು ಎರಡು ಹೋಳು ಮಾಡಿತು. ಹೆಚ್ಚಾಗಿ ಫ್ರೆಂಚ್ ಬಳಗದ ಮಾತಾಡುವ ಪಶ್ಚಿಮ ಭಾಗ ಬೆಲ್ಜಿಯಂಗೆ. ಅದು ಇವತ್ತಿಗೂ ಬೆಲ್ಜಿಯಂನ 'ಲಕ್ಸೆಂಬರ್ಗ್' ಪ್ರಾಂತ್ಯ, ಮತ್ತು ಆ ಪ್ರಾಂತ್ಯವೇ ದೇಶಕ್ಕಿಂತ ದೊಡ್ಡದು. ಉಳಿದ ಪೂರ್ವದ ತುಂಡು ಈಗಿನ ಲಕ್ಸೆಂಬರ್ಗ್.

ಇಲ್ಲೊಂದು ವಿಚಿತ್ರ ಆಯಿತು. ಉಳಿದ ತುಂಡಿನಲ್ಲಿ ಫ್ರೆಂಚ್ ಮನೆಮಾತಾಗಿದ್ದ ಹಳ್ಳಿಗಳು ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರೂ ಆಡುತ್ತಿದ್ದದ್ದು ಮೊಸೆಲ್ ನದಿಯ ಎರಡೂ ದಡದಲ್ಲಿ ಕೇಳುವ ಜರ್ಮನ್ ಬಳಗದ ಒಂದೇ ಬಗೆಯ ಮಾತು. ಹಾಗಿದ್ದರೂ ಫ್ರೆಂಚನ್ನು ಬಿಡಲಿಲ್ಲ. 1843ರ ಶಾಲಾ ಕಾನೂನು ಪ್ರಾಥಮಿಕ ತರಗತಿಗಳಲ್ಲಿ ಜರ್ಮನ್ ಜೊತೆಗೆ ಫ್ರೆಂಚನ್ನೂ ಕಡ್ಡಾಯ ಮಾಡಿತು. ಕಾನೂನು ಮತ್ತು ಆಡಳಿತ ಫ್ರೆಂಚಿನಲ್ಲಿ, ಪತ್ರಿಕೆ ಮತ್ತು ಚರ್ಚಿನ ಪ್ರವಚನ ಜರ್ಮನ್ನಿನಲ್ಲಿ, ಅಡುಗೆಮನೆ ಮತ್ತು ಹೊಲದ ಮಾತು ಲಕ್ಸೆಂಬರ್ಗಿಷ್‌ನಲ್ಲಿ. ಫ್ರೆಂಚ್ ಕಲಿತವರಿಗೆ ಅದೊಂದು ಅಂತಸ್ತು. ಜರ್ಮನಿಯ ಪಕ್ಕದಲ್ಲಿ ಕೂತ ಪುಟ್ಟ ರಾಜ್ಯಕ್ಕೆ ಅದೊಂದು ರಕ್ಷಣೆಯೂ ಆಗಿತ್ತು.

ಮನೆಮಾತಿಗೆ ಆಗ ಎಷ್ಟು ಬೆಲೆ ಇತ್ತು ನೋಡಿ. 1896ರಲ್ಲಿ ಕಾಸ್ಪರ್ ಮಥಿಯಾಸ್ ಸ್ಪೂ ಎಂಬ ಸದಸ್ಯರು ಸಂಸತ್ತಿನಲ್ಲಿ ಲಕ್ಸೆಂಬರ್ಗಿಷ್‌ನಲ್ಲೇ ಮಾತಾಡಿದರು. ಕಾರ್ಮಿಕರಿಗೂ ಅರ್ಥವಾಗಲಿ ಅನ್ನುವುದು ಅವರ ವಾದ. ಸದನ ಒಪ್ಪಲಿಲ್ಲ. ಆ ಭಾಷೆ ಶಾಲೆಯಲ್ಲಿ ಒಂದು ಪಾಠವಾಗಿ ಬಂದದ್ದೇ 1912ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1909ರಲ್ಲಿ, ಬರಹಗಾರ ಬಾಟಿ ವೆಬರ್ ತಮ್ಮ ದೇಶದ ಗುರುತು ಏನು ಅಂತ ಕೇಳಿಕೊಂಡಾಗ ಅವರಿಗೆ ಹೊಳೆದದ್ದು 'ಮಿಶ್ರ ಸಂಸ್ಕೃತಿ'. ಜರ್ಮನ್ ಮತ್ತು ಫ್ರೆಂಚ್ ಎರಡನ್ನೂ ಅರಗಿಸಿಕೊಂಡವರು ನಾವು ಅನ್ನುವ ಹೆಮ್ಮೆ. ನಮ್ಮದೇ ಶುದ್ಧ ನುಡಿ, ನಮ್ಮದೇ ಶುದ್ಧ ಜನ ಅನ್ನುವ ಮಾತು ಅದರಲ್ಲಿ ಮುಖ್ಯವೇ ಅಲ್ಲ.

ಇನ್ನು ದಕ್ಷಿಣದ ಕಬ್ಬಿಣದ ಗಣಿ ಮತ್ತು ಉಕ್ಕಿನ ಕಾರ್ಖಾನೆಗಳಲ್ಲಿ 19ನೇ ಶತಮಾನದ ಕೊನೆಯಿಂದಲೇ ಇಟಲಿಯವರೂ ಜರ್ಮನ್ನರೂ ಬಂದು ಸೇರಿದ್ದರು. ಆದ್ದರಿಂದ ನಾಜಿಗಳಿಗೆ ಲಕ್ಸೆಂಬರ್ಗ್ ಸುಲಭದ ತುತ್ತು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮಾತು ಜರ್ಮನ್ ಬಳಗದ್ದು, ಪತ್ರಿಕೆ ಜರ್ಮನ್ನಿನಲ್ಲಿ. ಪಕ್ಕದಲ್ಲೇ ಇರುವ ಸಾರ್ ಪ್ರದೇಶದಲ್ಲಿ 1935ರ ಜನಮತದಲ್ಲಿ ಶೇ. 90ರಷ್ಟು ಮಂದಿ ಜರ್ಮನಿ ಸೇರುವುದಕ್ಕೆ ಹೂಂ ಅಂದಿದ್ದರು.

ಗೌಲೈಟರನ ಒಂದು ವರ್ಷ

1940ರ ಮೇ 10ರಂದು ಜರ್ಮನ್ ಸೇನೆ ಒಳಗೆ ಬಂತು. ರಾಣಿ, ಅಂದರೆ ಗ್ರ್ಯಾಂಡ್ ಡಚೆಸ್ ಶಾರ್ಲೊಟ್, ಮತ್ತು ಸರ್ಕಾರ ದೇಶ ಬಿಟ್ಟು ಹೊರಟರು. ಬೇಸಿಗೆ ಮುಗಿಯುವ ಹೊತ್ತಿಗೆ ಸೇನಾ ಆಡಳಿತ ಹೋಗಿ ಗುಸ್ತಾವ್ ಸಿಮೊನ್ ಕೈಗೆ ಅಧಿಕಾರ ಬಂತು. ಈತ ಗಡಿಯಾಚೆಯ ಕೊಬ್ಲೆನ್ಸ್-ಟ್ರಿಯರ್ ಪ್ರಾಂತ್ಯದ ಗೌಲೈಟರ್, ಅಂದರೆ ನಾಜಿ ಪಕ್ಷದ ಪ್ರಾಂತ್ಯ ಮುಖ್ಯಸ್ಥ.

ಸಿಮೊನ್ ಮೊದಲು ಕೈ ಹಾಕಿದ್ದು ಭಾಷೆಗೆ. 1940ರ ಆಗಸ್ಟಿನಲ್ಲೇ ಆಡಳಿತ, ಶಾಲೆ, ಪತ್ರಿಕೆ, ಅಂಗಡಿ ಬೋರ್ಡು ಎಲ್ಲ ಕಡೆಯಿಂದ ಫ್ರೆಂಚನ್ನು ತೆಗೆಯಬೇಕೆಂದು ಆದೇಶ ಹೊರಟಿತು. 'ಬೋಂಝೂರ್', 'ಮೆರ್ಸಿ' ಅನ್ನುವುದೂ ತಪ್ಪಾಯಿತು. ಲಕ್ಸೆಂಬರ್ಗಿಷ್ ಮಾತಾಡುವವರಿಗೆ ಇವು ಬೇರೆ ಭಾಷೆಯ ಪದಗಳು ಅನ್ನಿಸುವುದೇ ಇಲ್ಲ, ಅಷ್ಟು ಬಳಕೆ. ರಾಜಧಾನಿಯ ಅವೆನ್ಯೂ ದ ಲಾ ಲಿಬೆರ್ತೆ ಅಡಾಲ್ಫ್ ಹಿಟ್ಲರ್ ರಸ್ತೆಯಾಯಿತು. 1941ರ ಜನವರಿ 31ರ ಆದೇಶ ಜನರ ಹೆಸರಿಗೂ ಬಂತು. ಹೆನ್ರಿ ಅನ್ನುವವನು ಇನ್ನು ಹೈನ್ರಿಶ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಡೆ ಹೋರಾಡಿ ಸತ್ತ ಲಕ್ಸೆಂಬರ್ಗಿನವರ ನೆನಪಿಗೆ ನಿಲ್ಲಿಸಿದ್ದ 'ಗೆಲ್ಲೆ ಫ್ರಾ', ಚಿನ್ನದ ಬಣ್ಣದ ಹೆಣ್ಣಿನ ಪ್ರತಿಮೆಯನ್ನು 1940ರ ಅಕ್ಟೋಬರಿನಲ್ಲಿ ಕೆಡವಿದರು.

ಜನರನ್ನು ತಮ್ಮ ಕಡೆ ಎಳೆಯಲು ಫೋಲ್ಕ್ಸ್‌ಡಾಯ್ಚೆ ಬೆವೇಗುಂಗ್ ಎಂಬ ಸಂಘಟನೆ ಇತ್ತು. ಅದರ ಮುಖಂಡ ಡಾಮಿಯನ್ ಕ್ರಾಟ್ಸೆನ್‌ಬೆರ್ಗ್ ಲಕ್ಸೆಂಬರ್ಗಿನವನೇ, ಜರ್ಮನ್ ಕಲಿಸುತ್ತಿದ್ದ ಮೇಷ್ಟ್ರು. ಸರ್ಕಾರಿ ನೌಕರಿ ಉಳಿಯಬೇಕಾದರೆ ಸದಸ್ಯರಾಗಿ ಎಂಬ ಒತ್ತಡದಿಂದ ಹತ್ತಾರು ಸಾವಿರ ಮಂದಿ ಹೆಸರು ಬರೆಸಿದರು. ಗೌಲೈಟರ್ ಈ ಸಂಖ್ಯೆಯನ್ನು ನಂಬಿದ. ಕೆಲಸ ಉಳಿಸಿಕೊಳ್ಳಲು ಸದಸ್ಯನಾದವನು ಮನಸ್ಸಿನಲ್ಲೂ ಜರ್ಮನ್ ಆಗಿರುತ್ತಾನೆ ಅಂದುಕೊಂಡದ್ದೇ ಅವನ ಲೆಕ್ಕ ತಪ್ಪಿದ ಜಾಗ.

ಜನ ಎದುರು ನಿಲ್ಲುವ ದಾರಿಗಳು ಚಿಕ್ಕವಾಗಿದ್ದವು. 1939ರಲ್ಲಿ ಸ್ವಾತಂತ್ರ್ಯದ ನೂರನೇ ವರ್ಷದ ಹಬ್ಬಕ್ಕೆ ಮಾಡಿಸಿದ್ದ ಬ್ಯಾಡ್ಜನ್ನು ಜನ ಕೋಟಿಗೆ ಚುಚ್ಚಿಕೊಂಡು ಓಡಾಡಿದರು. ನಾಜಿ ಪರ ಇದ್ದವರು ಅದನ್ನು ಕಿತ್ತರು, ಬೀದಿಯಲ್ಲಿ ಹೊಡೆದಾಟ ಆಯಿತು. ಅಲ್ಲಿನವರು ಅದನ್ನು 'ಪಿನ್ನಿನ ಯುದ್ಧ' ಎನ್ನುತ್ತಾರೆ. 1839ರ ಸ್ವಾತಂತ್ರ್ಯ ಎಂದರೆ ಅರ್ಧಕ್ಕಿಂತ ಹೆಚ್ಚು ನಾಡು ಕಳೆದುಕೊಂಡ ವರ್ಷ. ಅದನ್ನೇ ಹುಟ್ಟುಹಬ್ಬ ಮಾಡಿಕೊಂಡು, ಆ ಹಬ್ಬದ ಬ್ಯಾಡ್ಜಿಗಾಗಿ ಪೆಟ್ಟು ತಿನ್ನುವಷ್ಟು ದೂರ ಆ ಜನ ಬಂದಿದ್ದರು.

ಫಾರಂ ತುಂಬಿದ ದಿನ

ಗಣತಿಯ ಉದ್ದೇಶ ಗುಪ್ತ ಸಂಘಟನೆಗಳಿಗೆ ಬೇಗ ಗೊತ್ತಾಯಿತು. ಕ್ಯಾಥೊಲಿಕ್ ಯುವಕರ ಗುಂಪುಗಳೂ ಕಮ್ಯುನಿಸ್ಟರೂ ಬೇರೆ ವಿಷಯದಲ್ಲಿ ಒಬ್ಬರನ್ನೊಬ್ಬರು ಒಪ್ಪದವರು. ಇಲ್ಲಿ ಮಾತ್ರ ಎಲ್ಲರದ್ದೂ ಒಂದೇ ಕರಪತ್ರ: 'ಡ್ರೈಮೋಲ್ ಲೆಟ್ಸೆಬುಯೆರ್ಗೆಶ್', ಮೂರು ಸಲ ಲಕ್ಸೆಂಬರ್ಗಿಷ್.

ಇದೇಕೆ ಅಷ್ಟು ಚೆನ್ನಾಗಿ ಹರಡಿತು? ನನ್ನ ಅಂದಾಜಿನಲ್ಲಿ ಫಾರಂ ಮಾಡಿದವರೇ ಅದಕ್ಕೆ ಅರ್ಧ ಕಾರಣ. ಏನನ್ನು ಬರೆಯಬಾರದು ಅಂತ ಹೇಳಿ ಅವರೇ ಜನರಿಗೆ ಉತ್ತರ ತೋರಿಸಿಕೊಟ್ಟರು. ಸುಮ್ನೆ 'ತಾಯ್ನುಡಿ ಯಾವುದು' ಅಂತ ಕೇಳಿದ್ದರೆ ಜರ್ಮನ್ ಪತ್ರಿಕೆ ಓದುವ, ಜರ್ಮನ್ನಿನಲ್ಲಿ ಪ್ರಾರ್ಥಿಸುವ ಎಷ್ಟೋ ಮಂದಿ ತಲೆ ಕೆರೆದುಕೊಳ್ಳುತ್ತಿದ್ದರೇನೋ. 'ಲಕ್ಸೆಂಬರ್ಗಿಷ್ ಭಾಷೆಯೇ ಅಲ್ಲ' ಅಂದಾಗ ಯಾರಿಗೂ ಗೊಂದಲ ಉಳಿಯಲಿಲ್ಲ. ಎರಡನೆಯದು, ಒಂದು ಪದವನ್ನು ಮೂರು ಸಲ ಬರೆಯುವುದಕ್ಕೆ ಯಾವ ಓದೂ ಬೇಡ, ಯಾವ ರಾಜಕೀಯವೂ ಬೇಡ. ಸಂಸತ್ತಿನಲ್ಲಿ ಮಾತಾಡುವ ಯೋಗ್ಯತೆ ಇಲ್ಲ ಅಂತ 45 ವರ್ಷ ಹಿಂದೆ ಅವರ ಪ್ರತಿನಿಧಿಗಳೇ ಹೊರಗಿಟ್ಟಿದ್ದ ಮಾತು ಈಗ ದೇಶದ ಸಾಕ್ಷಿಯಾಗಿ ನಿಂತಿತು.

ಗುಟ್ಟಾಗಿ ಹಾಕುವ ಮತ ಇದಾಗಿರಲಿಲ್ಲ ಅನ್ನುವುದನ್ನು ಮರೆಯಬಾರದು. ಫಾರಂ ಮೇಲೆ ಹೆಸರಿದೆ, ವಿಳಾಸ ಇದೆ. ಒಬ್ಬನೇ ಬರೆದರೆ ಜೈಲು. ಪಕ್ಕದ ಮನೆಯವರೂ ಬರೆಯುತ್ತಾರೆ ಎಂಬ ನಂಬಿಕೆ ಇಲ್ಲದೆ ಯಾರೂ ಪೆನ್ನು ಎತ್ತುವ ಹಾಗಿರಲಿಲ್ಲ.

ಮೊದಲು ಕೈಗೆ ಬಂದ ಫಾರಂಗಳನ್ನು ಅಧಿಕಾರಿಗಳು ತೆಗೆದು ನೋಡಿದರು. ಬಹುಪಾಲು ಎಲ್ಲದರಲ್ಲೂ ಅದೇ ಉತ್ತರ. ಶೇ. 95ಕ್ಕಿಂತ ಹೆಚ್ಚು ಎಂಬ ಲೆಕ್ಕ ಇವತ್ತಿಗೂ ಎಲ್ಲ ಕಡೆ ಕಾಣುತ್ತದೆ. ಅದು ಹೀಗೆ ಅಲ್ಲಲ್ಲಿ ತೆಗೆದು ನೋಡಿದ್ದರಿಂದ ಬಂದ ಅಂಕಿ. ಸಿಮೊನ್ ಗಣತಿಯನ್ನೇ ನಿಲ್ಲಿಸಿದ್ದರಿಂದ ಇಡೀ ದೇಶದ ಎಣಿಕೆ ಯಾವತ್ತೂ ನಡೆಯಲಿಲ್ಲ. ಹಾಗಿದ್ದೂ ಯುದ್ಧದ ನಂತರ ಜನರ ಬಾಯಲ್ಲಿ ಇದು 'ರೆಫರೆಂಡಂ', ಅಂದರೆ ಜನಮತ, ಆಗಿ ಉಳಿಯಿತು. ಇತಿಹಾಸಕಾರರು ಇದಕ್ಕೆ ತಕರಾರು ಎತ್ತುತ್ತಾರೆ, ಅದು ನ್ಯಾಯವೇ. ಅಂಕಿ ಏನೇ ಇರಲಿ, ಗೌಲೈಟರ್ ಪ್ರಕಟಿಸಲು ಹೆದರಿದ ಅನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ.

ಆರು ದಿನದ ನಂತರ

ಈ ಪ್ರಕರಣವನ್ನು ಇಲ್ಲಿಗೆ ನಿಲ್ಲಿಸುವುದು ಸುಲಭ. ಬಹಳ ವರ್ಷ ಲಕ್ಸೆಂಬರ್ಗ್ ತಾನೂ ಇಲ್ಲಿಗೇ ನಿಲ್ಲಿಸಿತು. ಆದರೆ ಅಕ್ಟೋಬರ್ 16ರಂದು, ಗಣತಿಯಾಗಿ ಆರನೇ ದಿನ, ಲಕ್ಸೆಂಬರ್ಗಿನಿಂದ ಒಂದು ರೈಲು ಹೊರಟಿತು. ಅದರಲ್ಲಿದ್ದವರು ಯೆಹೂದಿಗಳು. ಲಕ್ಸೆಂಬರ್ಗಿನಿಂದಲೇ ಹತ್ತಿಸಿದವರು 300ಕ್ಕೂ ಹೆಚ್ಚು. ಹೋದದ್ದು ಪೋಲೆಂಡಿನ ಲೋಡ್ಜ್ ಘೆಟ್ಟೊಗೆ, ಅಂದರೆ ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿಗೆ. ಬದುಕಿ ಬಂದವರು ಬೆರಳೆಣಿಕೆಯಷ್ಟು.

ಯುದ್ಧಕ್ಕೆ ಮುಂಚೆ ದೇಶದಲ್ಲಿದ್ದ ಯೆಹೂದಿಗಳಲ್ಲಿ ಹೆಚ್ಚಿನವರ ಬಳಿ ಲಕ್ಸೆಂಬರ್ಗಿನ ಪೌರತ್ವ ಇರಲಿಲ್ಲ. ಹಲವರು ಜರ್ಮನಿ, ಪೋಲೆಂಡುಗಳಿಂದ ಬಂದವರು, ನಿರಾಶ್ರಿತರು. 'ಮೂರು ಸಲ ಲಕ್ಸೆಂಬರ್ಗಿಷ್' ಎಂಬ 'ನಾವು' ಒಳಗೆ ಅವರು ಇದ್ದರೇ? ಕರಪತ್ರ ಬರೆದವರಿಗೆ ಈ ಪ್ರಶ್ನೆ ಆ ವಾರ ಬಂದಿರಲಿಕ್ಕಿಲ್ಲ. ಆದರೆ ನಂತರವೂ ದಶಕಗಳ ಕಾಲ ಬರಲಿಲ್ಲ ಅನ್ನುವುದು ಯೋಚಿಸುವ ವಿಷಯ. ಸರ್ಕಾರ ದೇಶ ಬಿಟ್ಟ ಮೇಲೆ ಉಳಿದ ಲಕ್ಸೆಂಬರ್ಗಿನ ಅಧಿಕಾರಿಗಳ ಆಡಳಿತ ಆಯೋಗ 1940ರಲ್ಲಿ ಯೆಹೂದಿಗಳ ಪಟ್ಟಿ ಮಾಡಿಕೊಡುವುದರಲ್ಲಿ ಜರ್ಮನ್ನರಿಗೆ ಸಹಕರಿಸಿತ್ತು. ಇತಿಹಾಸಕಾರ ವಿನ್ಸೆಂಟ್ ಆರ್ಟುಸೊ ಸರ್ಕಾರಕ್ಕೆ ಕೊಟ್ಟ ವರದಿ ಇದನ್ನು ಬಿಡಿಸಿ ಹೇಳಿದ್ದು 2015ರಲ್ಲಿ. ಅದೇ ವರ್ಷ ಜೂನ್ 9ರಂದು ಸರ್ಕಾರ ಮತ್ತು ಸಂಸತ್ತು ಯೆಹೂದಿ ಸಮುದಾಯದ ಕ್ಷಮೆ ಕೇಳಿದವು. ಸತ್ತ ಯೆಹೂದಿಗಳ ಸ್ಮಾರಕ ರಾಜಧಾನಿಯಲ್ಲಿ ಎದ್ದದ್ದು 2018ರಲ್ಲಿ. ಅಕ್ಟೋಬರ್ 10 ಮಾತ್ರ ಎಷ್ಟೋ ಮುಂಚಿನಿಂದ ರಾಷ್ಟ್ರೀಯ ಸ್ಮರಣೆಯ ದಿನವಾಗಿತ್ತು.

ಇನ್ನೊಂದು ಹೆಸರನ್ನೂ ಇಲ್ಲೇ ಹೇಳಬೇಕು. 1942ರ ಆಗಸ್ಟ್ 30ರಂದು ಸಿಮೊನ್ ಲಕ್ಸೆಂಬರ್ಗಿನ ಯುವಕರನ್ನು ಜರ್ಮನ್ ಸೇನೆಗೆ ಕಡ್ಡಾಯವಾಗಿ ಸೇರಿಸುವುದಾಗಿ ಘೋಷಿಸಿದ. ಮಾರನೇ ದಿನ ಉತ್ತರದ ವಿಲ್ಟ್ಸ್ ಊರಿನಿಂದ ಮುಷ್ಕರ ಶುರುವಾಗಿ ದೇಶಕ್ಕೆಲ್ಲ ಹಬ್ಬಿತು. ದಕ್ಷಿಣದ ಶಿಫ್ಲಾಂಜ್ ಉಕ್ಕಿನ ಕಾರ್ಖಾನೆಯಲ್ಲಿ ಸೈರನ್ ಕೂಗಿಸಿ ಮುಷ್ಕರಕ್ಕೆ ಕರೆ ಕೊಟ್ಟವನು ಹಾನ್ಸ್ ಆಡಮ್. ಮೂಲತಃ ಜರ್ಮನ್. ಮುಷ್ಕರಕ್ಕಾಗಿ 21 ಮಂದಿಯನ್ನು ಕೊಂದರು. 20 ಜನರಿಗೆ ಗುಂಡು, ಆಡಮ್‌ಗೆ ಮಾತ್ರ ತಲೆ ಕತ್ತರಿಸುವ ಶಿಕ್ಷೆ. ಆ ಮೂರು ಕಾಲಂಗಳಲ್ಲಿ ಇವನು ಏನಂತ ಬರೆಯಬೇಕಿತ್ತು?

ಮುಷ್ಕರದಿಂದ ಕಡ್ಡಾಯ ಸೇವೆ ನಿಲ್ಲಲಿಲ್ಲ. 10,000ಕ್ಕೂ ಹೆಚ್ಚು ಯುವಕರು ಜರ್ಮನ್ ಸಮವಸ್ತ್ರ ಹಾಕಬೇಕಾಯಿತು, ಅವರಲ್ಲಿ ಸಾವಿರಾರು ಮಂದಿ ಹಿಂದಿರುಗಲಿಲ್ಲ. ಯುದ್ಧಾನಂತರದ ನೆನಪುಗಳಲ್ಲಿ ಬಹುಕಾಲ ದೊಡ್ಡ ಜಾಗ ಪಡೆದದ್ದು ಈ ಮನೆಗಳ ದುಃಖವೇ.

ಗಂಟು ಕಾನೂನಾದ ಬಗೆ

ಯುದ್ಧ ಮುಗಿದಾಗ ಜರ್ಮನ್ ಅಂದರೆ ಜನಕ್ಕೆ ಸಿಟ್ಟು. 1946ರಲ್ಲಿ ಲಕ್ಸೆಂಬರ್ಗಿಷ್ ಬರೆಯುವುದಕ್ಕೆ ಒಂದು ಅಧಿಕೃತ ಕಾಗುಣಿತ ಮಾಡಿದರು. ಜರ್ಮನ್ನಿಗಿಂತ ಎಷ್ಟು ಬೇರೆ ಕಂಡರೆ ಅಷ್ಟು ಒಳ್ಳೆಯದು ಎಂಬಂತೆ ಅದನ್ನು ರೂಪಿಸಿದ್ದರು. ಯಾರೂ ಬಳಸಲಿಲ್ಲ. ಜರ್ಮನ್ ಓದಿ ಬೆಳೆದ ಕಣ್ಣಿಗೆ ಅದು ಅಪರಿಚಿತ. 1975ರಲ್ಲಿ ಬಂದ ಬೇರೆ ಕಾಗುಣಿತ ಜನರ ರೂಢಿಗೆ ಹತ್ತಿರ ಇತ್ತು, ನಿಂತಿತು. ಸಿಟ್ಟಿನಿಂದ ಮಾಡಿದ ಕಾಗುಣಿತ ಸೋತದ್ದು ನನಗೇನೋ ಒಳ್ಳೆಯದೇ ಆಯಿತು ಅನ್ನಿಸುತ್ತದೆ.

1984ರ ಫೆಬ್ರವರಿ 24ರ ಕಾನೂನು 1941ರ ಉತ್ತರಕ್ಕೆ ಮೊಹರು ಹಾಕಿತು: ಲಕ್ಸೆಂಬರ್ಗಿಗರ ರಾಷ್ಟ್ರಭಾಷೆ ಲಕ್ಸೆಂಬರ್ಗಿಷ್. ಮುಂದಿನ ಸಾಲುಗಳನ್ನು ಓದಿದರೆ ಹಳೆಯ ಜಾಣತನ ಕಾಣುತ್ತದೆ. ಶಾಸನಗಳು ಫ್ರೆಂಚಿನಲ್ಲೇ. ಆಡಳಿತ ಮತ್ತು ಕೋರ್ಟಿನಲ್ಲಿ ಫ್ರೆಂಚ್, ಜರ್ಮನ್, ಲಕ್ಸೆಂಬರ್ಗಿಷ್ ಮೂರೂ ನಡೆಯುತ್ತವೆ. ನೀವು ಯಾವುದರಲ್ಲಿ ಅರ್ಜಿ ಕೊಟ್ಟಿರೋ ಸಾಧ್ಯವಾದಷ್ಟೂ ಅದರಲ್ಲೇ ಉತ್ತರ. ಅಂದರೆ ಹೆಮ್ಮೆ ಒಂದು ಭಾಷೆಗೆ, ಕೆಲಸ ಮೂರು ಭಾಷೆಗೆ. ಸಂಸತ್ತಿನ ಚರ್ಚೆ ಈಗ ನಡೆಯುವುದು ಸ್ಪೂ ಬಳಸಿ ಬೈಸಿಕೊಂಡ ಭಾಷೆಯಲ್ಲೇ. ಅಲ್ಲಿ ಪಾಸಾಗುವ ಕಾನೂನು ಮಾತ್ರ ಫ್ರೆಂಚಿನಲ್ಲಿರುತ್ತದೆ.

ಈ ಹಂಚಿಕೆ 1984ರ ಮಟ್ಟಿಗೆ ಸರಿಹೋಯಿತು. ಆದರೆ ಜನ ಬದಲಾದರು. 1970ರ ದಶಕದಿಂದ ಪೋರ್ಚುಗಲ್‌ನವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಆಮೇಲೆ ಬ್ಯಾಂಕುಗಳು, ಯುರೋಪಿಯನ್ ಒಕ್ಕೂಟದ ಕಚೇರಿಗಳು. ಈಗ 6.7 ಲಕ್ಷಕ್ಕೂ ಹೆಚ್ಚಿನ ಜನಸಂಖ್ಯೆಯಲ್ಲಿ ಶೇ. 47ರಷ್ಟು ವಿದೇಶಿ ಪ್ರಜೆಗಳು. ರಾಜಧಾನಿಯಲ್ಲಂತೂ ಅವರೇ ಜಾಸ್ತಿ. ಇದರ ಮೇಲೆ ದಿನವೂ 2 ಲಕ್ಷಕ್ಕಿಂತ ಹೆಚ್ಚು ಮಂದಿ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ಗಡಿ ದಾಟಿ ಕೆಲಸಕ್ಕೆ ಬಂದು ಸಂಜೆ ಹಿಂದಿರುಗುತ್ತಾರೆ. ಬ್ರೆಡ್ಡು ಕೊಳ್ಳುವುದು, ಆಸ್ಪತ್ರೆಯಲ್ಲಿ ನರ್ಸ್ ಜೊತೆ ಮಾತಾಡುವುದು ಎಲ್ಲ ಫ್ರೆಂಚಿನಲ್ಲೇ ಆಗುತ್ತದೆ ಎನ್ನುವುದು ಹಳೆಯ ನಿವಾಸಿಗಳ ಮಾಮೂಲಿ ಗೊಣಗಾಟ.

2015ರ ಜೂನ್ 7ರಂದು ಸರ್ಕಾರ ಒಂದು ಪ್ರಶ್ನೆ ಕೇಳಿತು. ಹತ್ತು ವರ್ಷ ಇಲ್ಲಿ ಬಾಳಿದ, ಈಗಾಗಲೇ ಸ್ಥಳೀಯ ಅಥವಾ ಯುರೋಪಿಯನ್ ಚುನಾವಣೆಯಲ್ಲಿ ಮತ ಹಾಕಿದ ವಿದೇಶಿಯರಿಗೆ ಸಂಸತ್ತಿನ ಚುನಾವಣೆಯಲ್ಲೂ ಮತ ಕೊಡಬಹುದೇ? ಶೇ. 78ರಷ್ಟು ಮಂದಿ ಬೇಡ ಅಂದರು. ಯೆಹೂದಿಗಳ ಕ್ಷಮೆ ಕೇಳಿದ್ದು ಇದಾಗಿ ಎರಡು ದಿನಕ್ಕೆ. ಮಾರನೇ ವರ್ಷ ಲಕ್ಸೆಂಬರ್ಗಿಷನ್ನು ಆಡಳಿತದ ಮೊದಲ ಭಾಷೆ ಮಾಡಿ ಎಂಬ ಅರ್ಜಿಗೆ 14,000ಕ್ಕೂ ಹೆಚ್ಚು ಸಹಿ ಬಿದ್ದವು. ಅಷ್ಟು ಸಣ್ಣ ದೇಶಕ್ಕೆ ಅದು ಭಾರೀ ಸಂಖ್ಯೆ.

ಬೇಡ ಅಂದವರನ್ನೆಲ್ಲ ಹೊರಗಿನವರನ್ನು ದ್ವೇಷಿಸುವವರು ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ರಾಜ್ಯ, ನುಡಿ, ಜನ ಮೂರೂ ಒಂದೇ ಅಂತ ಕಲಿಸಿದ್ದು ಅವರ ಅಜ್ಜ ಅಜ್ಜಿಯರ ಅತ್ಯಂತ ಹೆಮ್ಮೆಯ ದಿನ. ಆದರೆ ಆ ಉತ್ತರ ಹುಟ್ಟಿದ್ದು ದೇಶವನ್ನು ನುಂಗಲು ಬಂದವನ ಎದುರಿಗೆ. ನಿಮ್ಮ ಮನೆ ಕಟ್ಟಿಕೊಡುವ, ತೆರಿಗೆ ಕಟ್ಟುವ ಪೋರ್ಚುಗೀಸ್ ಮೇಸ್ತ್ರಿ ಗೌಲೈಟರ್ ಅಲ್ಲ ಅಲ್ವಾ?

ಸರ್ಕಾರ ಮಧ್ಯದ ದಾರಿ ಹಿಡಿಯಿತು. ಮತ ಬೇಕಾದರೆ ಪ್ರಜೆಯಾಗಿ, ಪ್ರಜೆಯಾಗುವುದನ್ನು ಸುಲಭ ಮಾಡುತ್ತೇವೆ ಅಂದಿತು. 2009ರಿಂದಲೇ ಎರಡು ಪೌರತ್ವ ಇಟ್ಟುಕೊಳ್ಳಬಹುದಿತ್ತು. 2017ರ ಕಾನೂನು ಕಾಯುವ ಅವಧಿಯನ್ನು ಏಳರಿಂದ ಐದು ವರ್ಷಕ್ಕೆ ಇಳಿಸಿತು. ಸಾಮಾನ್ಯ ದಾರಿಯಲ್ಲಿ ಅರ್ಜಿ ಹಾಕುವವರಿಗೆ ಲಕ್ಸೆಂಬರ್ಗಿಷ್ ಪರೀಕ್ಷೆ ಉಳಿಯಿತು, ಆದರೆ ಬರೀ ಕೇಳುವುದು ಮತ್ತು ಮಾತಾಡುವುದು, ಬರೆಯಬೇಕಿಲ್ಲ. 2018ರಲ್ಲಿ ಭಾಷೆಯ ಬೆಳವಣಿಗೆಗೆ ಬೇರೆಯೇ ಕಾನೂನು. 2023ರ ಜುಲೈ 1ರಂದು ಜಾರಿಗೆ ಬಂದ ಪರಿಷ್ಕೃತ ಸಂವಿಧಾನ ಲಕ್ಸೆಂಬರ್ಗಿಷನ್ನು ದೇಶದ ಭಾಷೆ ಎಂದು ಹೆಸರಿಸಿತು. ಮೂರು ಭಾಷೆಗಳ ಬಳಕೆಯನ್ನು ಕಾನೂನಿಗೇ ಬಿಟ್ಟಿತು.

ಬಿಡಿಸದ ತೊಡಕು ಇರುವುದು ಶಾಲೆಯಲ್ಲಿ. 1941ರಲ್ಲಿ ಯಾವ ಭಾಷೆಯ ಹೆಸರು ಬರೆಯಲು ಜನ ಒಪ್ಪಲಿಲ್ಲವೋ, ಮಕ್ಕಳು ಇವತ್ತಿಗೂ ಅಕ್ಷರ ಕಲಿಯುವುದು ಅದೇ ಜರ್ಮನ್ನಿನಲ್ಲಿ. ಲಕ್ಸೆಂಬರ್ಗಿಷ್ ಮಾತಾಡುವ ಮನೆಯ ಮಗುವಿಗೆ ಅದು ಪಕ್ಕದ ಮೆಟ್ಟಿಲು. ಪೋರ್ಚುಗೀಸ್ ಅಥವಾ ಫ್ರೆಂಚ್ ಮಾತಾಡುವ ಮನೆಯ ಮಗುವಿಗೆ ದೊಡ್ಡ ಗೋಡೆ. ಆ ಮಕ್ಕಳು ಹೆಚ್ಚಾಗಿ ಹಿಂದೆ ಬೀಳುವುದು ಬಹಳ ವರ್ಷಗಳಿಂದ ಗೊತ್ತಿರುವ ವಿಷಯ. 2022ರಿಂದ ಕೆಲವು ಶಾಲೆಗಳಲ್ಲಿ ಫ್ರೆಂಚಿನಲ್ಲಿ ಅಕ್ಷರ ಕಲಿಸುವ ಪ್ರಯೋಗ ನಡೆಯುತ್ತಿದೆ. ಅದನ್ನು ಎಲ್ಲ ಶಾಲೆಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿದೆ. ಒಂದೇ ಊರಿನ ಮಕ್ಕಳು ಭಾಷೆಯ ಮೇಲೆ ಎರಡು ಗುಂಪಾಗುತ್ತಾರೆ ಅಂತ ಕೆಲವರಿಗೆ ಹೆದರಿಕೆ. ಆಟದ ಬಯಲಿನಲ್ಲಿ ಎಲ್ಲರನ್ನೂ ಸೇರಿಸುವುದು ಲಕ್ಸೆಂಬರ್ಗಿಷ್ ಅಂತ ಸರ್ಕಾರದ ಸಮಾಧಾನ.